ಇಡೀ ದಿನ ಮೊಬೈಲ್ ಹಿಡಿದವರೇ ಗೆಲ್ಲುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮೊಬೈಲ್ ಆಟಗಳ ಬಗ್ಗೆ ಬಂದ ಬರಹ ಓದಿದೆ. ಮಕ್ಕಳ ಕಣ್ಣು ಹಾಳಾಗುವುದು, ನಿದ್ದೆ ಕೆಡುವುದು, ದುಡ್ಡು ಹೋಗುವುದು ಎಲ್ಲ ಬರೆದಿದ್ದೀರಿ. ಬಹಳಷ್ಟು ನಿಜ. ಆದರೆ ನಡುವೆ ಒಂದು ಮಾತು ಬಂತು. ಟೀಮ್ ಕಟ್ಟಿಕೊಂಡು ಆಡುವ ಆಟಗಳಲ್ಲಿ ಇಡೀ ದಿನ ಮೊಬೈಲ್ ಹಿಡಿದು ಕೂತವರೇ ಗೆಲ್ಲುತ್ತಾರೆ, ಹಾಗಾಗಿ ಅವು ಎಲ್ಲಕ್ಕಿಂತ ಕೆಟ್ಟವು ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಐದು ವರ್ಷದಿಂದ ಅಂಥ ಒಂದು ಟೀಮನ್ನು ನಾನೇ ನಡೆಸುತ್ತಿದ್ದೇನೆ. ಅಂಕ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿ ಹೋಗುತ್ತದೆ ಅಂತ ವಾರವಾರ ಬರೆದಿಟ್ಟಿದ್ದೇನೆ. ಅದನ್ನು ಹೇಳಬೇಕು ಅನ್ನಿಸಿತು, ಅದಕ್ಕೇ ಈ ಪತ್ರ.

ನಾನು ಅರಸೀಕೆರೆಯಲ್ಲಿ ಟೈಲರ್. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಅಂಗಡಿಯಲ್ಲಿ ಎರಡು ಮಿಷನ್ ಇವೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಬಾಗಿಲು ಹಾಕಿದ್ದಾಗ ಅಕ್ಕನ ಮಗಳು ನನ್ನ ಮೊಬೈಲ್‌ಗೆ ‘ಹೇ ಡೇ’ ಅನ್ನುವ ಆಟ ಹಾಕಿಕೊಟ್ಟಳು. ಫಿನ್ಲೆಂಡ್ ದೇಶದ ಸೂಪರ್‌ಸೆಲ್ ಕಂಪನಿ 2012ರಲ್ಲಿ ಬಿಡುಗಡೆ ಮಾಡಿದ ಆಟ. ಹೊಡೆದಾಟ ಇಲ್ಲ, ಬಂದೂಕು ಇಲ್ಲ. ಒಂದು ತೋಟ ಇರುತ್ತದೆ. ಗೋಧಿ ಬಿತ್ತಬೇಕು, ಕೋಳಿ, ಹಸು, ಮೇಕೆ ಸಾಕಬೇಕು. ಗೋಧಿಯಿಂದ ಬ್ರೆಡ್, ಹಾಲಿನಿಂದ ಬೆಣ್ಣೆ ಮಾಡಿ ಲಾರಿಗೆ ಹಾಕಬೇಕು, ದೋಣಿಗೆ ತುಂಬಬೇಕು. ಗೋಧಿ ಎರಡು ನಿಮಿಷಕ್ಕೆ ಬರುತ್ತದೆ, ಜೋಳಕ್ಕೆ ಐದು ನಿಮಿಷ, ಮೆಣಸಿನಕಾಯಿಗೆ ನಾಲ್ಕು ಗಂಟೆ. ಹಳ್ಳಿಯಲ್ಲಿ ಹುಟ್ಟಿದ ನನಗೆ ಮೊದಲ ದಿನವೇ ಇಷ್ಟವಾಯಿತು.

ಲೆವೆಲ್ 18 ದಾಟಿದ ಮೇಲೆ ಟೀಮ್ ಸೇರಬಹುದು. ಒಂದು ಟೀಮಿನಲ್ಲಿ 30 ಜನರವರೆಗೆ ಇರಬಹುದು. ನಮ್ಮದರಲ್ಲಿ ಈಗ 14 ಜನ. ಅಕ್ಕನ ಮಗಳು, ತಿಪಟೂರಿನ ನಾದಿನಿ, ಅವಳ ಇಬ್ಬರು ಓರಗಿತ್ತಿಯರು, ಒಬ್ಬ ಬಸ್ ಕಂಡಕ್ಟರ್, ಒಬ್ಬಳು ನರ್ಸ್, ಮಸ್ಕತ್‌ನಲ್ಲಿ ಕೆಲಸ ಮಾಡುವ ಅಣ್ಣನ ಮಗ, ಪಿಯುಸಿ ಓದುವ ಹುಡುಗಿ ಒಬ್ಬಳು, ಹೀಗೆ. ಪ್ರತಿ ಮಂಗಳವಾರ ‘ಡರ್ಬಿ’ ಶುರುವಾಗುತ್ತದೆ, ಮುಂದಿನ ಸೋಮವಾರ ಮುಗಿಯುತ್ತದೆ. ಹದಿನೈದರವರೆಗೆ ಟೀಮುಗಳು ಒಂದೇ ಪಂದ್ಯದಲ್ಲಿ ಇರುತ್ತವೆ. ಟೀಮಿಗೆಲ್ಲ ಸೇರಿ ಒಂದು ಬೋರ್ಡ್. ಅದರ ಮೇಲೆ ಟಾಸ್ಕುಗಳ ಚೀಟಿಗಳು. ಇಷ್ಟು ಗೋಧಿ ಕೊಯ್ಯಿ, ಇಷ್ಟು ಬ್ರೆಡ್ ಮಾಡು, ಇಷ್ಟು ಲಾರಿ ಕಳಿಸು ಅಂತ. ಒಬ್ಬರು ಒಂದು ಸಲಕ್ಕೆ ಒಂದೇ ಚೀಟಿ ತೆಗೆದುಕೊಳ್ಳಬಹುದು. ತೆಗೆದುಕೊಂಡ ಕ್ಷಣದಿಂದ ಗಡಿಯಾರ ಓಡುತ್ತದೆ. ಸಮಯದೊಳಗೆ ಮುಗಿಸಿದರೆ ಪಾಯಿಂಟ್. ಮುಗಿಸದಿದ್ದರೆ ಆ ಚೀಟಿ ಸುಮ್ನೆ ವ್ಯರ್ಥ.

ಇಲ್ಲೇ ಮೊದಲ ಲೆಕ್ಕ ಇದೆ. ಡರ್ಬಿಯಲ್ಲಿ ಮೆಟ್ಟಿಲಿನಂತೆ ಲೀಗುಗಳಿವೆ. ಎಲ್ಲಕ್ಕಿಂತ ಮೇಲಿನ ಚಾಂಪಿಯನ್ಸ್ ಲೀಗ್‌ನಲ್ಲಿ ಒಬ್ಬರಿಗೆ ವಾರಕ್ಕೆ ಒಂಬತ್ತೇ ಟಾಸ್ಕು. ಕೆಳಗಿನ ಲೀಗುಗಳಲ್ಲಿ ಇನ್ನೂ ಕಡಿಮೆ. ಮಾಮೂಲಿ ವಾರದಲ್ಲಿ ಒಂದು ಟಾಸ್ಕಿಗೆ ಜಾಸ್ತಿ ಅಂದರೆ 320 ಪಾಯಿಂಟ್. ಒಂಬತ್ತನ್ನು 320ರಿಂದ ಗುಣಿಸಿ, 2,880. ಅಷ್ಟೇ. ದಿನಕ್ಕೆ ಹದಿನಾರು ಗಂಟೆ ಕೂತರೂ ಅದಕ್ಕಿಂತ ಮೇಲೆ ಹೋಗಲು ಬರುವುದಿಲ್ಲ. ಒಂದೇ ಒಂದು ದಾರಿ ಇದೆ, ಹತ್ತು ಡೈಮಂಡ್ ಕೊಟ್ಟರೆ ಹತ್ತನೇ ಟಾಸ್ಕು ಸಿಗುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಗೊತ್ತಾದ ಮೇಲೆ ಪ್ರಶ್ನೆಯೇ ಬೇರೆಯಾಗುತ್ತದೆ, ಅಲ್ವಾ? ಎಷ್ಟು ಹೊತ್ತು ಆಡಿದೆ ಅನ್ನುವುದಲ್ಲ. ಆ ಒಂಬತ್ತು ಚೀಟಿಗಳಲ್ಲಿ ಯಾವುದನ್ನು ತೆಗೆದುಕೊಂಡೆ, ಯಾವುದನ್ನು ಬಿಟ್ಟೆ ಅನ್ನುವುದು.

ಮೊದಲ ಆರೇಳು ತಿಂಗಳು ನಮಗೆ ಇದು ಗೊತ್ತಿರಲಿಲ್ಲ. ಬೋರ್ಡ್ ಮೇಲೆ ಏನು ಕಂಡರೆ ಅದನ್ನು ತೆಗೆದುಕೊಳ್ಳುತ್ತಿದ್ದೆವು. 240ರದ್ದು ಬೇಗ ಆಗುತ್ತದೆ, ಮಾಡಿಬಿಡೋಣ ಅಂತ. ಒಂದು ವಾರ ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಆಗ ಟೀಮಿನಲ್ಲಿ 12 ಜನ. ಎಲ್ಲರೂ 320ರದ್ದೇ ಮಾಡಿದ್ದರೆ 34,560 ಆಗಬೇಕು. ಒಂದೊಂದು ಟಾಸ್ಕಿನಲ್ಲಿ 80 ಪಾಯಿಂಟ್ ಬಿಟ್ಟರೆ ಒಬ್ಬರಿಗೆ 720 ಹೋಯಿತು, ಹನ್ನೆರಡು ಜನರಿಗೆ 8,640 ಹೋಯಿತು. 8,640 ಅಂದರೆ ಸರಿಯಾಗಿ ಮೂರು ಜನರ ಪೂರ್ತಿ ವಾರದ ಆಟ. ಹನ್ನೆರಡು ಜನ ಬೆವರು ಸುರಿಸಿ ಆಡಿ, ಒಂಬತ್ತು ಜನ ಆಡಿದಷ್ಟು ಅಂಕ ತೆಗೆದಿದ್ದೆವು. ಆ ಹಾಳೆಯ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಅವತ್ತಿನಿಂದ ನಮ್ಮಲ್ಲಿ ಒಂದೇ ಮಾತು: 320 ಇಲ್ಲದಿದ್ದರೆ ಕೈ ಹಾಕಬೇಡಿ.

ಹಾಗಾದರೆ ಬೋರ್ಡ್ ತುಂಬ ಸಣ್ಣ ಚೀಟಿಗಳೇ ಇದ್ದರೆ? ಬೇಡದ್ದನ್ನು ಕಿತ್ತು ಹಾಕಬಹುದು. ಆದರೆ ಆ ಜಾಗಕ್ಕೆ ಹೊಸದು ಬರಲು ಅರ್ಧ ಗಂಟೆ ಬೇಕು. ಎಲ್ಲರೂ ಹಗಲಲ್ಲಿ ಕಿತ್ತು ಹಾಕುತ್ತಾ ಕೂತರೆ ಆಡುವವರಿಗೆ ಬೋರ್ಡ್ ಖಾಲಿ ಕಾಣುತ್ತದೆ. ಅದಕ್ಕೆ ನಾವು ಸರದಿ ಮಾಡಿದೆವು. ರಾತ್ರಿ ಮಲಗುವ ಮುಂಚೆ ನಾದಿನಿ ಸಣ್ಣವನ್ನೆಲ್ಲ ತೆಗೆಯುತ್ತಾಳೆ. ಬೆಳಗಿನ ಜಾವ ಡ್ಯೂಟಿ ಮುಗಿಸಿ ಬರುವ ನರ್ಸ್ ಇನ್ನೊಂದು ಸಲ ನೋಡುತ್ತಾಳೆ. ಮಸ್ಕತ್ ಹುಡುಗ ನಮಗಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ ನಾವು ಮಲಗಿದ ಮೇಲೆ ಒಂದು ಕೈ ನೋಡುತ್ತಾನೆ. ಬೆಳಿಗ್ಗೆ ಆರು ಗಂಟೆಗೆ ನಾನು ಹಾಲು ಕಾಯಿಸುವಾಗ ಬೋರ್ಡ್ ತೆರೆದರೆ ಐದಾರು ಒಳ್ಳೆಯ ಚೀಟಿಗಳು ಕಾಣುತ್ತವೆ. ಒಬ್ಬೊಬ್ಬರಿಗೆ ಇದು ಎರಡು ನಿಮಿಷದ ಕೆಲಸ.

ಈಗ ನನಗೆ ತುಂಬಾ ಇಷ್ಟವಾದ ವಿಷಯ ಹೇಳುತ್ತೇನೆ. ಚೀಟಿ ತೆಗೆದುಕೊಂಡ ಮೇಲೆ ಕೆಲಸ ಶುರು ಮಾಡುವುದಲ್ಲ. ಕೆಲಸ ಮುಗಿಯುವ ಹೊತ್ತಿಗೆ ಚೀಟಿ ತೆಗೆದುಕೊಳ್ಳುವುದು.

ನಮ್ಮ ಕಸುಬಿನಲ್ಲಿ ಇದು ದಿನಾ ಇರುವುದೇ. ಮದುವೆ ಸೀಸನ್‌ನಲ್ಲಿ ಹತ್ತು ರವಿಕೆ ಬಂದರೆ ನಾನು ಒಂದೊಂದನ್ನೇ ಕತ್ತರಿಸಿ ಹೊಲಿಯುವುದಿಲ್ಲ. ಹಿಂದಿನ ರಾತ್ರಿ ಹತ್ತನ್ನೂ ಕತ್ತರಿಸಿ, ಲೈನಿಂಗ್ ಜೊತೆ ಸುತ್ತಿ, ನೂಲು ಹೊಂದಿಸಿ ಇಡುತ್ತೇನೆ. ಬೆಳಿಗ್ಗೆ ಮಿಷನ್ ಮುಂದೆ ಕೂತರೆ ಬರೀ ಹೊಲಿಗೆ. ಆಟದಲ್ಲೂ ಹಾಗೆಯೇ. ಬ್ರೆಡ್ ಟಾಸ್ಕ್ ಎಣಿಸುವುದು ನೀವು ಬ್ರೆಡ್ ಒಲೆಗೆ ಹಾಕಿದ್ದನ್ನಲ್ಲ, ಒಲೆಯಿಂದ ಎತ್ತಿಕೊಂಡಿದ್ದನ್ನು. ಹಾಗಾಗಿ ಮೊದಲೇ ಒಲೆ ತುಂಬಿ, ಬೆಂದಿದ್ದನ್ನು ಅಲ್ಲೇ ಬಿಟ್ಟಿರಬೇಕು. ಚೀಟಿ ತೆಗೆದುಕೊಂಡ ತಕ್ಷಣ ಎತ್ತಿಕೊಂಡರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಮೇಕೆಗೆ ಮೇವು ಹಾಕಿದ ಮೇಲೆ ಹಾಲಿಗೆ ಎಂಟು ಗಂಟೆ ಬೇಕು. ಕುರಿಯ ಉಣ್ಣೆಗೆ ಆರು ಗಂಟೆ, ಹಂದಿಗೆ ನಾಲ್ಕು. ಇವನ್ನು ಚೀಟಿ ತೆಗೆದುಕೊಂಡ ಮೇಲೆ ಶುರು ಮಾಡಿದರೆ ದಿನವೇ ಹೋಗುತ್ತದೆ. ರಾತ್ರಿ ಹತ್ತಕ್ಕೆ ಎಲ್ಲಕ್ಕೂ ಮೇವು ಹಾಕಿ ಮಲಗಿದರೆ ಬೆಳಿಗ್ಗೆ ಆರಕ್ಕೆ ಮೇಕೆಯೂ ರೆಡಿ.

ಒಂದು ಮಂಗಳವಾರ ನಾನು ಮಾಡಿದ್ದನ್ನು ಹಾಗೇ ಬರೆಯುತ್ತೇನೆ. ಸೋಮವಾರ ರಾತ್ರಿ ಊಟ ಆದ ಮೇಲೆ ಗದ್ದೆ ಪೂರ್ತಿ ಮೆಣಸಿನಕಾಯಿ ಹಾಕಿದೆ. ಬೇಕರಿಯಲ್ಲಿ ಒಂದರ ಹಿಂದೆ ಒಂದು ಬ್ರೆಡ್ ಸಾಲು ಹಾಕಿದೆ. ಡೈರಿಯಲ್ಲಿ ಕೆನೆ, ಬೆಣ್ಣೆ. ಕೊಟ್ಟಿಗೆಗೆಲ್ಲ ಮೇವು. ಒಟ್ಟು ಹತ್ತು ನಿಮಿಷ ಆಗಿರಬಹುದು. ಮಾರನೇ ದಿನ ಡರ್ಬಿ ಶುರುವಾದಾಗ ನಾನು ಒಬ್ಬ ಹುಡುಗಿಗೆ ಲಂಗದ ಅಳತೆ ತೆಗೆಯುತ್ತಿದ್ದೆ. ಅವಳು ಹೋದ ಮೇಲೆ ಮೊಬೈಲ್ ತೆಗೆದೆ. ಬೋರ್ಡ್ ಮೇಲೆ ಬ್ರೆಡ್ ಇತ್ತು, 320. ತೆಗೆದುಕೊಂಡೆ. ಬೇಕರಿ ಮುಂದೆ ಸಾಲಾಗಿ ಕೂತಿದ್ದ ಬ್ರೆಡ್ಡನ್ನೆಲ್ಲ ಬೆರಳಲ್ಲಿ ಒಂದೊಂದೇ ಎತ್ತಿದೆ. ಉಳಿದಿದ್ದಕ್ಕೆ ಮತ್ತೆ ಸಾಲು ಹಾಕಿದೆ. ಒಂದು ಬ್ರೆಡ್ಡಿಗೆ ಮೂರು ಗೋಧಿ, ಐದು ನಿಮಿಷ. ಮೊಬೈಲ್ ಪಕ್ಕಕ್ಕಿಟ್ಟು ಎರಡು ತೋಳು ಜೋಡಿಸಿದೆ. ಮತ್ತೆ ತೆಗೆದೆ. ಮೂರು ಸಲ ಹೀಗೆ. ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಎರಡು ಟಾಸ್ಕು ಮುಗಿದಿತ್ತು, ಕೊಡಬೇಕಾಗಿದ್ದ ನಾಲ್ಕು ರವಿಕೆಯೂ ಮುಗಿದಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಉಗ್ರಾಣ ತುಂಬಿದ್ದರೆ ಬ್ರೆಡ್ ಎತ್ತಲು ಬರುವುದಿಲ್ಲ. ಕಣಜ ತುಂಬಿದ್ದರೆ ಗೋಧಿ ಕೊಯ್ಯಲು ಬರುವುದಿಲ್ಲ. ಸಾಲು ಹಾಕಿ ಇಟ್ಟು, ಚೀಟಿ ತೆಗೆದುಕೊಂಡು, ಆಮೇಲೆ ಜಾಗ ಇಲ್ಲ ಅಂತ ಒದ್ದಾಡಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೋಮವಾರವೇ ಬೇಡದ್ದನ್ನು ಮಾರಿ ಜಾಗ ಮಾಡಿಕೊಳ್ಳಬೇಕು. ಹಾಗೆಂದು ಇರುವ ಗೋಧಿಯನ್ನೆಲ್ಲ ಮಾರಬಾರದು. ಬಿತ್ತನೆಗೆ ಇಟ್ಟುಕೊಳ್ಳಲೇಬೇಕು. ನಮ್ಮ ಅಪ್ಪ ರಾಗಿ ಬಿತ್ತನೆಗೆ ಬೇರೆ ಮಡಕೆಯಲ್ಲಿ ಇಡುತ್ತಿದ್ದರು, ಎಷ್ಟೇ ಕಷ್ಟ ಬಂದರೂ ಆ ಮಡಕೆಗೆ ಕೈ ಹಾಕುತ್ತಿರಲಿಲ್ಲ. ಅಕ್ಕನ ಮಗಳಿಗೆ ನಾನು ಅದನ್ನೇ ಹೇಳಿದೆ. ಅವಳು ಈಗ ಪ್ರತಿ ಬೆಳೆಯಲ್ಲೂ ಒಂದಿಷ್ಟು ತೆಗೆದಿಟ್ಟಿರುತ್ತಾಳೆ.

ಗಣಿ ಟಾಸ್ಕಿಗೆ ಡೈನಮೈಟು, ಗುದ್ದಲಿ, ಪಿಕಾಸಿ ಬೇಕು. ಇವು ಅವಸರಕ್ಕೆ ಸಿಗುವ ವಸ್ತುಗಳಲ್ಲ. ವಾರಗಟ್ಟಲೆ ಕೂಡಿಟ್ಟಿದ್ದರೆ ಗಣಿ ಚೀಟಿ ಬಂದ ದಿನ ಐದು ನಿಮಿಷದಲ್ಲಿ 320 ಕೈಗೆ ಬರುತ್ತದೆ. ಮೀನಿಗೂ ಹಾಗೇ, ಗಾಳ ಮತ್ತು ಬಲೆ ಕೂಡಿಟ್ಟುಕೊಳ್ಳಬೇಕು.

ಇನ್ನು ನಿಮ್ಮ ಬರಹದ ಮಾತಿಗೆ ನೇರ ಉತ್ತರ ಕೊಡುವ ಸಂಗತಿ. ಒಂದು ಬೇಸಿಗೆ ರಜೆಯಲ್ಲಿ ಸಂಬಂಧಿಕರ ಹುಡುಗನೊಬ್ಬ ನಮ್ಮ ಟೀಮಿಗೆ ಸೇರಿದ. ಡಿಗ್ರಿ ಪರೀಕ್ಷೆ ಮುಗಿದಿತ್ತು, ಕೆಲಸ ಇನ್ನೂ ಸಿಕ್ಕಿರಲಿಲ್ಲ. ಲೆವೆಲ್ ಎಪ್ಪತ್ತರ ಮೇಲೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಅವನ ಕೈಯಲ್ಲಿ ಮೊಬೈಲ್. ಮಂಗಳವಾರ, ಬುಧವಾರ ಎರಡೇ ದಿನದಲ್ಲಿ ಒಂಬತ್ತೂ ಮುಗಿಸಿದ, ಎಲ್ಲವೂ 320. ಅವನ ಪಾಲಿಗೆ ಪೂರ್ತಿ ಅಂಕ. ಟೀಮಿನ ಅಂಕ ಮಾತ್ರ ಆ ವಾರ ಕೆಳಗೆ ಬಂತು.

ಯಾಕೆ ಅಂತ ನನಗೂ ಮೊದಲು ತಿಳಿಯಲಿಲ್ಲ. ಗುರುವಾರ ಪಿಯುಸಿ ಹುಡುಗಿ ಫೋನ್ ಮಾಡಿ, ಆಂಟಿ, ನನಗೆ ಮಾಡಲು ಏನೂ ಇಲ್ಲ ಅಂದಳು. ಬೋರ್ಡ್ ನೋಡಿದೆ. ಗೋಧಿ ಇಲ್ಲ, ಬ್ರೆಡ್ ಇಲ್ಲ, ಮೊಟ್ಟೆ ಇಲ್ಲ. ಉಳಿದಿದ್ದೆಲ್ಲ ದೋಣಿ ತುಂಬುವ, ಗಣಿ ಅಗೆಯುವ, ಪಟ್ಟಣಕ್ಕೆ ಬಂದವರಿಗೆ ಸಾಮಾನು ಕೊಡುವ ಟಾಸ್ಕು. ಅವಳ ಲೆವೆಲ್ 26. ಕೆಲವು ಚೀಟಿಗಳನ್ನು ಮುಟ್ಟಲೂ ಬರುವುದಿಲ್ಲ, ಇನ್ನು ಕೆಲವು ಮುಟ್ಟಿದರೂ ಮುಗಿಸಲು ಆಗುವುದಿಲ್ಲ. ಬೇಗ ಆಗುವ, ಸುಲಭದ ಚೀಟಿಗಳನ್ನೆಲ್ಲ ಆ ಹುಡುಗ ಎರಡು ದಿನದಲ್ಲಿ ಬಳಿದುಕೊಂಡಿದ್ದ. ಅವನಿಗೆ ದೋಣಿಯನ್ನೂ ತುಂಬುವ ಶಕ್ತಿ ಇತ್ತು. ಅವಳಿಗೆ ಇದ್ದದ್ದು ಗೋಧಿ ಮಾತ್ರ. ಆ ವಾರ ಅವಳದು ನಾಲ್ಕು, ನಾದಿನಿಯ ಓರಗಿತ್ತಿಯರಲ್ಲಿ ಒಬ್ಬರದು ಐದು ಟಾಸ್ಕಿಗೆ ನಿಂತಿತು. ಎಲ್ಲರಿಗಿಂತ ಜಾಸ್ತಿ ಹೊತ್ತು ಆಡಿದವನಿಂದ ಟೀಮಿನ ಒಂಬತ್ತು ಟಾಸ್ಕು ಹೋಯಿತು, ಅಂದರೆ ಒಬ್ಬ ಮನುಷ್ಯನ ಇಡೀ ವಾರ.

ಅವನು ಕೆಟ್ಟವನಲ್ಲ. ಯಾರೂ ಹೇಳಿರಲಿಲ್ಲ, ಅಷ್ಟೇ. ಹೇಳಿದ ಮೇಲೆ ಅವನೇ ಒಂದು ಪದ್ಧತಿ ಮಾಡಿದ. ಲೆವೆಲ್ 50ರ ಮೇಲಿನವರು ಶುಕ್ರವಾರದವರೆಗೆ ಗೋಧಿ, ಜೋಳ, ಬ್ರೆಡ್, ಕೋಳಿ, ಹಸು ಮುಟ್ಟಬಾರದು. ದೋಣಿ, ಗಣಿ, ಪಟ್ಟಣ, ದೊಡ್ಡ ಲಾರಿಗಳು ಅವರದು. ಇದು ಆಟದ ನಿಯಮ ಅಲ್ಲ, ನಮ್ಮ ನಿಯಮ. ಇವತ್ತಿಗೂ ನಡೆಯುತ್ತಿದೆ. ಅವನು ಈಗ ಕೆಲಸಕ್ಕೆ ಸೇರಿ ದಿನಕ್ಕೆ ಅರ್ಧ ಗಂಟೆ ಆಡಿದರೆ ಹೆಚ್ಚು, ಆದರೆ ಟೀಮಿಗೆ ಆಗಿಗಿಂತ ಈಗಲೇ ಅವನಿಂದ ಜಾಸ್ತಿ ಉಪಯೋಗ.

ದೋಣಿಗೆ ಬೇಕಾದ ಸಾಮಾನು ಒಬ್ಬರ ಹತ್ತಿರ ಎಲ್ಲ ಇರುವುದಿಲ್ಲ. ಅದಕ್ಕೆ ರಸ್ತೆ ಬದಿಯ ಅಂಗಡಿ ಇದೆ. ನಾವು ಒಬ್ಬರಿಗೊಬ್ಬರು ಒಂದು ನಾಣ್ಯಕ್ಕೆ ಮಾರುತ್ತೇವೆ. ಒಂದು ಖಾನೆಯಲ್ಲಿ ಹತ್ತಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಇಟ್ಟ ಸಾಮಾನನ್ನು ಬೇರೆ ಯಾರಾದರೂ ಎತ್ತಿಕೊಂಡು ಹೋಗಬಹುದು. ಆದ್ದರಿಂದ ವಾಟ್ಸಾಪ್‌ನಲ್ಲಿ ‘ಈಗ ಇಡ್ತೀನಿ, ಬಾ’ ಅಂತ ಹಾಕಿ, ಅವರು ‘ಬಂದೆ’ ಅಂದ ಮೇಲೆ ಇಡುವುದು. ಕಂಡಕ್ಟರ್‌ಗೆ ಡಿಪೊದಲ್ಲಿ ಬಸ್ ಹತ್ತುವ ಮುಂಚೆ ಹತ್ತು ನಿಮಿಷ, ಮಧ್ಯಾಹ್ನ ಊಟದ ಹೊತ್ತು, ಆಮೇಲೆ ರಾತ್ರಿ, ಇಷ್ಟೇ ಸಮಯ. ಅವರು ಡಿಪೊದಲ್ಲಿ ಇರುವಾಗ ನಾವು ಯಾರಾದರೂ ಅವರಿಗೆ ಬೇಕಾದ್ದನ್ನು ರೆಡಿ ಇಟ್ಟಿರುತ್ತೇವೆ. ಹೋದ ವರ್ಷ ನಮ್ಮ ಪುಸ್ತಕದಲ್ಲಿ ಒಂದು ವಾರವೂ ಒಂಬತ್ತಕ್ಕಿಂತ ಕಡಿಮೆ ಮಾಡದೇ ಇದ್ದವರು ಇಬ್ಬರೇ. ಅದರಲ್ಲಿ ಒಬ್ಬರು ಈ ಕಂಡಕ್ಟರ್.

ಇಷ್ಟೆಲ್ಲ ಹೇಳಿದೆ, ಆದರೆ ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅದು ‘ಈ ವಾರ ನನಗೆ ಆಗಲ್ಲ’ ಅಂತ ಹೇಳುವುದು.

ಡರ್ಬಿ ಶುರುವಾಗುವ ಮುಂಚೆ ಯಾರು ಬೇಕಾದರೂ ಆ ವಾರ ಹೊರಗೆ ಉಳಿಯಬಹುದು. ಟೀಮ್ ಬಿಡಬೇಕಾಗಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು. ಎಷ್ಟು ಜನ ಆಡುತ್ತಾರೆ ಅನ್ನುವುದನ್ನು ನೋಡಿ ಆಟ ನಮಗೆ ಎದುರಾಳಿ ಟೀಮುಗಳನ್ನು ಕೊಡುತ್ತದೆ. 14 ಜನ ಒಳಗೆ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಜನರ ಟೀಮುಗಳು ಎದುರಿಗೆ. ಹತ್ತು ಜನ ಇದ್ದರೆ ಹತ್ತರ ಆಸುಪಾಸಿನವು. ಹಾಗಾಗಿ ಆಡದವರು ಹೊರಗಿದ್ದರೆ ಟೀಮಿಗೆ ನಷ್ಟವೇ ಇಲ್ಲ. ಆಡದವರು ಒಳಗಿದ್ದರೆ ಮಾತ್ರ ನಷ್ಟ.

ಇದನ್ನು ನಾವು ಕಲಿತದ್ದು ನರ್ಸ್ ಹುಡುಗಿಯಿಂದ. ಒಂದು ವಾರ ಅವಳ ಆಸ್ಪತ್ರೆಯಲ್ಲಿ ಇಬ್ಬರು ರಜೆ ಹಾಕಿದ್ದರು. ಇವಳಿಗೆ ಸತತವಾಗಿ ರಾತ್ರಿ ಪಾಳಿ. ಆಗಲ್ಲ ಅಂತ ಹೇಳಲು ಅವಳಿಗೆ ಸಂಕೋಚ. ಒಳಗೇ ಉಳಿದಳು. ಎರಡು ಟಾಸ್ಕು ಮಾಡಿದಳು, ಉಳಿದ ಏಳು ಹಾಗೇ ಬಿದ್ದವು. ಏಳು ಅಂದರೆ 2,240 ಪಾಯಿಂಟ್. ಅದಕ್ಕಿಂತ ಕಡಿಮೆ ಅಂತರದಲ್ಲಿ ನಮಗೆ ಮೂರನೇ ಸ್ಥಾನ ತಪ್ಪಿತು. ಗ್ರೂಪಿನಲ್ಲಿ ಒಬ್ಬರು ಅವಳಿಗೆ ಒರಟಾಗಿ ಬರೆದರು. ಅವಳು ಏನೂ ಉತ್ತರ ಕೊಡಲಿಲ್ಲ, ಟೀಮ್ ಬಿಟ್ಟು ಹೋದಳು.

ಮಾರನೇ ದಿನ ನಾನು ಫೋನ್ ಮಾಡಿದೆ. ರಾತ್ರಿಯೆಲ್ಲ ನಿಂತೇ ಇದ್ದೆ ಅಕ್ಕಾ, ಬೆಳಿಗ್ಗೆ ಬಸ್ಸಿನಲ್ಲಿ ಗೋಧಿ ಕೊಯ್ಯೋಣ ಅಂತ ಮೊಬೈಲ್ ತೆಗೆದರೆ ಕೈಯಲ್ಲೇ ಹಿಡಿದು ನಿದ್ದೆ ಬಂದುಬಿಡುತ್ತಿತ್ತು, ಎರಡು ಸಲ ಸ್ಟಾಪ್ ದಾಟಿ ಹೋದೆ ಅಂದಳು. ನನಗೆ ತುಂಬಾ ಬೇಜಾರಾಯಿತು. ತಪ್ಪು ಅವಳದಲ್ಲ. ಆಗಲ್ಲ ಅನ್ನುವುದನ್ನು ನಾವು ಅವಮಾನ ಮಾಡಿಬಿಟ್ಟಿದ್ದೆವು. ಅವಳನ್ನು ಮತ್ತೆ ಕರೆದೆ. ಒರಟಾಗಿ ಬರೆದವರು ಗ್ರೂಪಿನಲ್ಲೇ ಕ್ಷಮೆ ಕೇಳಿದರು. ಅವತ್ತಿನಿಂದ ಪ್ರತಿ ಸೋಮವಾರ ಸಂಜೆ ಏಳಕ್ಕೆ ಎಲ್ಲರೂ ‘ಇದ್ದೀನಿ’ ಅಥವಾ ‘ಇಲ್ಲ’ ಅಂತ ಒಂದು ಪದ ಬರೆಯಬೇಕು. ಕಾರಣ ಬರೆಯಬೇಕಾಗಿಲ್ಲ, ಯಾರೂ ಕೇಳುವಂತೆಯೂ ಇಲ್ಲ. ತಿಪಟೂರಿನಲ್ಲಿ ಕಾಯಿ ಕೀಳಿಸುವ, ಕೊಬ್ಬರಿ ಒಡೆಯುವ ದಿನಗಳಲ್ಲಿ ನಾದಿನಿ ಮನೆಯ ಮೂವರೂ ‘ಇಲ್ಲ’ ಬರೆಯುತ್ತಾರೆ. ಶಾಲೆ ಶುರುವಾಗುವ ಮುಂಚಿನ ಎರಡು ವಾರ ಯೂನಿಫಾರ್ಮ್ ರಾಶಿ ಬಿದ್ದಿರುತ್ತದೆ, ಆಗ ನಾನೇ ‘ಇಲ್ಲ’. ಪಿಯುಸಿ ಹುಡುಗಿ ಪರೀಕ್ಷೆ ಮುಗಿಯುವವರೆಗೆ ಬರುವುದೇ ಇಲ್ಲ. ಕಳೆದ ವರ್ಷ ಒಂದು ವಾರ ಏಳೇ ಜನ ಆಡಿದೆವು. ಏಳೂ ಜನ ಒಂಬತ್ತೂ ಮುಗಿಸಿದರು. ಆ ವಾರ ನಾವೇ ಮೊದಲು.

ಕೊನೆಯ ದಿನದ ಬಗ್ಗೆ ಒಂದು ಮಾತು. ಸೋಮವಾರಕ್ಕೆ ಏನನ್ನೂ ಉಳಿಸಿಕೊಳ್ಳಬಾರದು. ಒಂದು ಮಳೆಗಾಲದ ಸೋಮವಾರ ಬೆಳಿಗ್ಗೆ ನನ್ನದು ಒಂದೇ ಟಾಸ್ಕು ಉಳಿದಿತ್ತು, ಅದರಲ್ಲೂ ಒಂದೇ ಲಾರಿ. ಲಾರಿಗೆ ಬೇಕಾದ ಕೇಕು ಉಗ್ರಾಣದಲ್ಲಿ ಇತ್ತು. ಗಾಳಿ ಮಳೆಗೆ ಕರೆಂಟ್ ಹೋಯಿತು, ಅದರ ಹಿಂದೆ ನೆಟ್‌ವರ್ಕ್ ಹೋಯಿತು. ಮೊಬೈಲ್ ಹಿಡಿದು ಅಂಗಡಿ ಮೆಟ್ಟಿಲ ಮೇಲೆ, ಆಮೇಲೆ ರಸ್ತೆಯ ಆ ಕಡೆ ಹೋಗಿ ನಿಂತೆ. ಪರದೆ ಮೇಲೆ ಚಕ್ರ ತಿರುಗುತ್ತಲೇ ಇತ್ತು. ನೆಟ್‌ವರ್ಕ್ ಬರುವ ಹೊತ್ತಿಗೆ ಡರ್ಬಿ ಮುಗಿದಿತ್ತು. 320 ಹೋಯಿತು. ಭಾನುವಾರ ರಾತ್ರಿ ಒಂಬತ್ತಕ್ಕೆ ಎಲ್ಲ ಮುಗಿದಿರಬೇಕು ಅನ್ನುವುದು ಆಮೇಲೆ ಬಂದ ನಿಯಮ.

ಬಿಂಗೊ ಡರ್ಬಿಯಂಥ ವಿಶೇಷ ವಾರಗಳೂ ಇವೆ. ಬಿಂಗೊ ಹಲಗೆಯಲ್ಲಿ ಒಂದು ಸಾಲಿನ ಟಾಸ್ಕುಗಳೆಲ್ಲ ಮುಗಿದರೆ ಬೇರೆ ಬಹುಮಾನ. ಆಗ ಯಾವ ಬಗೆಯ ಟಾಸ್ಕು ಯಾರದು ಅಂತ ಮೊದಲೇ ಹಂಚಿಕೊಂಡರೆ ಸಾಕು, ಉಳಿದದ್ದು ಇದೇ ಲೆಕ್ಕ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಬರಹದ ಕಾಳಜಿ ಸರಿಯಾಗಿದೆ. ಈ ಆಟದಲ್ಲಿ ಡೈಮಂಡ್ ಇದೆ, ಅದನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳಬಹುದು. ಮೇಕೆ ಎಂಟು ಗಂಟೆ ಕಾಯುವುದು ಬೇಡ ಅನ್ನಿಸಿದರೆ ಡೈಮಂಡ್ ಒತ್ತಿದರೆ ಆಯಿತು. ಆ ಗುಂಡಿ ಬೆರಳಿಗೆ ತೀರಾ ಹತ್ತಿರ ಇರುತ್ತದೆ. ಚಿಕ್ಕ ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಇದರಲ್ಲಿ ಅಪಾಯ ಇದ್ದೇ ಇದೆ. ನಮ್ಮ ಟೀಮಿನಲ್ಲಿ ಒಂದು ರೂಪಾಯಿಯೂ ಹಾಕಬಾರದು ಅನ್ನುವುದು ಸೇರುವಾಗಲೇ ಹೇಳುವ ಷರತ್ತು. ಲೆವೆಲ್ ಏರಿದಾಗ, ಗಣಿಯಲ್ಲಿ, ಸಣ್ಣ ಜಾಹೀರಾತು ನೋಡಿದಾಗ ಪುಕ್ಕಟೆಯಾಗಿ ಡೈಮಂಡ್ ಸಿಗುತ್ತವೆ. ಅವನ್ನು ಆತುರಕ್ಕೆ ಖರ್ಚು ಮಾಡದೆ ಹತ್ತು ಕೂಡಿಸಿದರೆ ಹತ್ತನೇ ಟಾಸ್ಕು ಬರುತ್ತದೆ, ಅಂದರೆ ಇನ್ನೊಂದು 320. ಒಬ್ಬರಿಗೆ 2,880 ಇದ್ದದ್ದು 3,200 ಆಗುತ್ತದೆ. ಮೇಕೆಯನ್ನು ಅವಸರ ಮಾಡಿದರೆ ಉಳಿಯುವುದು ಒಂದಿಷ್ಟು ಹೊತ್ತು ಮಾತ್ರ, ಪಾಯಿಂಟ್ ಒಂದೂ ಬರುವುದಿಲ್ಲ.

ನಿಮ್ಮ ಬರಹದಲ್ಲಿ ರಮ್ಮಿ, ಬೆಟ್ಟಿಂಗ್ ಮತ್ತು ಇಂಥ ಆಟಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಾಗೆ ಮಾಡಿಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ಅದು ನಿಷೇಧಿಸಿತು. ಮನರಂಜನೆಯ ಆಟಗಳನ್ನೂ ಇ-ಸ್ಪೋರ್ಟ್ಸ್ ಅನ್ನೂ ಬೇರೆಯಾಗಿ ನೋಡಿತು. ನಮ್ಮ ಡರ್ಬಿಯಲ್ಲಿ ಗೆದ್ದರೆ ಸಿಗುವುದು ಉಗ್ರಾಣ, ಕಣಜ ದೊಡ್ಡದು ಮಾಡುವ ಮೊಳೆ, ಹಲಗೆ ಮತ್ತು ಆಟದೊಳಗಿನ ಇಂಥದೇ ಸಾಮಾನು. ಅದನ್ನು ಮಾರಿ ಯಾರೂ ಮನೆ ಕಟ್ಟಲಾರರು, ಸೋತು ಯಾರೂ ಮನೆ ಕಳೆದುಕೊಳ್ಳಲಾರರು.

ಬರಹ ಬರೆದವರಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳ ಬಗ್ಗೆ, ದುಡ್ಡಿನ ಬಗ್ಗೆ ಬರೆದದ್ದು ಹಾಗೇ ಇರಲಿ. ಟೀಮ್ ಆಟದಲ್ಲಿ ಜಾಸ್ತಿ ಹೊತ್ತು ಕೂತವರೇ ಗೆಲ್ಲುತ್ತಾರೆ ಅನ್ನುವ ಆ ಒಂದು ಸಾಲನ್ನು ಮಾತ್ರ ತಿದ್ದಬೇಕು. ಅದನ್ನು ಓದಿ ನಮ್ಮ ಪಿಯುಸಿ ಹುಡುಗಿಯ ತಂದೆ ಮೊನ್ನೆ ಅಂಗಡಿಗೆ ಬಂದಿದ್ದರು, ಪತ್ರಿಕೆ ಕೈಯಲ್ಲೇ ಇತ್ತು. ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆಗಳನ್ನು ಅವರಿಗೆ ತೋರಿಸಿದೆ. ಮಗಳ ಹೆಸರಿನ ಮುಂದೆ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಪ್ರತಿ ವಾರ ‘ಇಲ್ಲ’, ‘ಇಲ್ಲ’, ‘ಇಲ್ಲ’ ಅಂತ ಬರೆದಿತ್ತು. ಅವರು ಕನ್ನಡಕ ಹಾಕಿಕೊಂಡು ಎರಡು ಹಾಳೆ ಪೂರ್ತಿ ಓದಿದರು. ಆಮೇಲೆ, ಗೋಧಿಗೆ ನಿಜವಾಗಿಯೂ ಎರಡೇ ನಿಮಿಷವಾ ಅಂತ ಕೇಳಿದರು.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ
ಅರಸೀಕೆರೆ